ಮೀನಿಗೂ ಜಾತಿ ಕಟ್ಟಿದವರು

ಅಮೆರಿಕದ ಹೊಳೆ ಮೀನಿಗೂ ನಮ್ಮ ಕೇರಿಗೂ ಏನಯ್ಯ ಸಂಬಂಧ ಎಂದು ಕೇಳುವವರಿದ್ದಾರೆ. ಸಂಬಂಧ ಇದೆ. ಜಾತಿ ಎಂಬುದು ರಕ್ತದಲ್ಲೇ ಬರುತ್ತೆ, ದೇವರೇ ಮಾಡಿಟ್ಟದ್ದು, ನಾವೇನು ಮಾಡೋಕಾಗುತ್ತೆ ಎಂದು ಹೇಳುವ ಯಜಮಾನರು ಇವತ್ತಿಗೂ ನಮ್ಮ ಊರುಗಳಲ್ಲಿದ್ದಾರೆ. ಅಂಥವರಿಗೆ ಪೊಟೋಮ್ಯಾಕ್ ಮತ್ತು ಸಸ್ಕ್ವೆಹಾನಾ ಎಂಬ ಎರಡು ಹೊಳೆಗಳ ಕಥೆ ಹೇಳಬೇಕಾಗಿದೆ. ಪೊಟೋಮ್ಯಾಕ್ ಅಮೆರಿಕದ ರಾಜಧಾನಿ ವಾಷಿಂಗ್ಟನ್ ಪಕ್ಕದಲ್ಲೇ ಹರಿಯುತ್ತದೆ. ಸಸ್ಕ್ವೆಹಾನಾ ಪೆನ್ಸಿಲ್ವೇನಿಯಾದ ಕಲ್ಲಿದ್ದಲು ಸೀಮೆ ಹಾದು ಬರುತ್ತದೆ. ಎರಡೂ ಕೊನೆಗೆ ಸೇರುವುದು ಚೆಸಪೀಕ್ ಕೊಲ್ಲಿಗೆ. ಮನುಷ್ಯರನ್ನು ಬಣ್ಣ ನೋಡಿ ಮೇಲು ಕೀಳು ಮಾಡಿದ ಸಮಾಜ ಅಲ್ಲಿ ನೀರೊಳಗಿನ ಮೀನನ್ನೂ ಬಿಡಲಿಲ್ಲ.

ಮೇಲ್ಜಾತಿಯ ಮೀನಿನ ಹೆಸರು ಸ್ಮಾಲ್‌ಮೌತ್ ಬಾಸ್. ಕಂಚಿನ ಬಣ್ಣದ್ದು, ಗಾಳ ಕಚ್ಚಿದರೆ ನೀರು ಬಿಟ್ಟು ಮೇಲಕ್ಕೆ ಎಗರುವಂಥದ್ದು. ಇದನ್ನು ಅಲ್ಲಿ 'ಗೇಮ್ ಫಿಶ್' ಅನ್ನುತ್ತಾರೆ. ದೊಡ್ಡ ಮನುಷ್ಯರು ಗೌರವದಿಂದ ಬೇಟೆಯಾಡುವ ಮೀನು ಎಂದರ್ಥ. 1881ರಲ್ಲಿ ಜೇಮ್ಸ್ ಹೆನ್ಶಾಲ್ ಎಂಬ ವೈದ್ಯ ಈ ಬಾಸ್ ಕುಲದ ಮೇಲೆ ಒಂದು ಇಡೀ ಗ್ರಂಥವನ್ನೇ ಬರೆದ. ಕೀಳ್ಜಾತಿಯ ಮೀನು ಕಾರ್ಪ್. ಕೆಸರು ಕೆದಕಿ ತಿನ್ನುವ, ಮೀಸೆಯ ಮೀನು. ನಮ್ಮ ಕೆರೆಗಳಲ್ಲಿ ಸಾಮಾನ್ಯ ಗೆಂಡೆ ಎಂದು ಸಾಕುವುದು ಇದನ್ನೇ. ಅಲ್ಲಿ ಅದಕ್ಕಿಟ್ಟ ಹೆಸರು 'ರಫ್ ಫಿಶ್', 'ಟ್ರ್ಯಾಶ್ ಫಿಶ್'. ಒರಟು ಮೀನು, ಕಸದ ಮೀನು! ಬಾಸ್ ಹಿಡಿಯಲು ಅಳತೆ, ಲೆಕ್ಕ, ಕಾಲ ಎಂದೆಲ್ಲ ಕಟ್ಟಳೆಯಿದೆ. ಕಾರ್ಪ್‌ಗೆ ಬಹಳ ಕಡೆ ಎಷ್ಟು ಕೊಂದರೂ ಕೇಳುವವರಿಲ್ಲ. ಬಿಲ್ಲಿನಿಂದ ಹೊಡೆದು ದಡದ ಮೇಲೆ ಕೊಳೆಯಲು ಎಸೆದು ಹೋಗುವವರೂ ಇದ್ದಾರೆ.

ಯಾಕಪ್ಪಾ ಈ ಭೇದ ಎಂದು ಕೇಳಿದರೆ ಬರುವ ಮೊದಲ ಉತ್ತರ: ಕಾರ್ಪ್ ಹೊರಗಿನಿಂದ ಬಂದದ್ದು, ಈ ನೀರಿನದಲ್ಲ.

ಸರಿ, ಹಾಗಾದರೆ ಬಾಸ್ ಎಲ್ಲಿಯದು? ಪೊಟೋಮ್ಯಾಕ್ ಹೊಳೆಯಲ್ಲಿ ಬಾಸ್ ಇರಲೇ ಇಲ್ಲ. ಅದರ ತವರು ಪರ್ವತದ ಆಚೆಯ ಓಹಾಯೋ, ಮೇಲಿನ ಮಿಸಿಸಿಪ್ಪಿ ಮತ್ತು ದೊಡ್ಡ ಸರೋವರಗಳ ಸೀಮೆ. 1854ರಲ್ಲಿ ಸುಮಾರು 30 ಬಾಸ್ ಮೀನುಗಳನ್ನು ರೈಲು ಎಂಜಿನ್ನಿನ ನೀರಿನ ತೊಟ್ಟಿಯಲ್ಲಿ ಹಾಕಿಕೊಂಡು ಪರ್ವತ ದಾಟಿಸಿ ತಂದು, ಕಂಬರ್‌ಲ್ಯಾಂಡ್ ಎಂಬ ಊರಿನ ಕಾಲುವೆಗೆ ಬಿಟ್ಟರು. ಅಲ್ಲಿಂದ ಅವು ಪೊಟೋಮ್ಯಾಕ್ ಸೇರಿದವು. ಸಸ್ಕ್ವೆಹಾನಾಕ್ಕೂ ಹೀಗೆಯೇ ಮನುಷ್ಯರೇ ತಂದು ಬಿಟ್ಟದ್ದು. ಕಾರ್ಪ್ ಬಂದದ್ದು 1877ರಲ್ಲಿ, ಜರ್ಮನಿಯಿಂದ. ನಡುವಿನ ಅಂತರ ಬರೀ 23 ವರ್ಷ. ಮೊದಲು ಬಂದವನು ಮನೆಯ ಯಜಮಾನನಾದ, ಆಮೇಲೆ ಬಂದವನು ಹಿತ್ತಿಲಲ್ಲಿ ನಿಲ್ಲುವವನಾದ. ಈ ಲೆಕ್ಕಾಚಾರ ನಮಗೇನು ಹೊಸದೇ?

ಹೊರಗಿನದು ಎಂಬ ಮಾತನ್ನು ಇನ್ನೂ ಹಿಂದಕ್ಕೆ ಎಳೆದರೆ ಅದನ್ನು ಆಡುವವರಿಗೇ ಕಷ್ಟ. ಸಸ್ಕ್ವೆಹಾನಾ ಎಂಬ ಹೆಸರು ಆ ದಡದಲ್ಲಿ ಬಾಳಿದ ಮೂಲನಿವಾಸಿಗಳದು. ಅವರ ಪೈಕಿ ಕೊನೆಗೆ ಕಾನೆಸ್ಟೋಗಾದಲ್ಲಿ ಉಳಿದಿದ್ದ 20 ಜನರನ್ನು 1763ರ ಡಿಸೆಂಬರಿನಲ್ಲಿ ಬಿಳಿಯರ ಗುಂಪು ಕೊಚ್ಚಿ ಹಾಕಿತು. ಹೊಳೆಗೆ ಹೆಸರು ಉಳಿಯಿತು, ಹೆಸರು ಕೊಟ್ಟವರು ಉಳಿಯಲಿಲ್ಲ. ಅವರನ್ನು ಒಕ್ಕಲೆಬ್ಬಿಸಿದವರ ಮಕ್ಕಳು ಮೀನಿನ ಊರು ಕೇರಿ ವಿಚಾರಿಸುತ್ತಾರೆ!

ಕಾರ್ಪ್ ತಾನಾಗಿ ಈಜಿಕೊಂಡು ಸಮುದ್ರ ದಾಟಿ ಬರಲಿಲ್ಲ. ಅದನ್ನು ತರಿಸಿದ್ದು ಅಮೆರಿಕದ ಸರ್ಕಾರ. 1871ರಲ್ಲಿ ಮೀನು ಆಯೋಗ ಸ್ಥಾಪನೆಯಾಯಿತು, ಸ್ಪೆನ್ಸರ್ ಬೇರ್ಡ್ ಅದರ ಮುಖ್ಯಸ್ಥ. ಅಣೆಕಟ್ಟು, ಕಾರ್ಖಾನೆ, ವಿಪರೀತ ಬೇಟೆಯಿಂದ ಹೊಳೆಗಳ ಮೀನು ಕಡಿಮೆಯಾಗುತ್ತಿದ್ದ ಕಾಲ. ಬೇಗ ಬೆಳೆಯುವ, ಸಿಕ್ಕಿದ್ದು ತಿನ್ನುವ ಕಾರ್ಪ್ ಜನರಿಗೆ ಅಗ್ಗದ ಆಹಾರವಾಗುತ್ತದೆ ಎಂಬ ಎಣಿಕೆ ಆತನದು. ಬಾಲ್ಟಿಮೋರ್ ಪಾರ್ಕಿನ ಕೊಳದಲ್ಲಿ, ಆಮೇಲೆ ವಾಷಿಂಗ್ಟನ್ ಸ್ಮಾರಕದ ಬುಡದ ಕೊಳಗಳಲ್ಲೇ ಸಾಕಿ, ಅಲ್ಲಿಂದ ಮರಿಗಳನ್ನು ರೈಲಿನಲ್ಲಿ ಹಂಚಿದರು. 1883ರ ಒಂದೇ ವರ್ಷ ಎರಡೂವರೆ ಲಕ್ಷಕ್ಕೂ ಹೆಚ್ಚು ಮರಿ, ಹೆಚ್ಚು ಕಡಿಮೆ ಎಲ್ಲ ಚುನಾವಣಾ ಕ್ಷೇತ್ರಗಳಿಗೂ. ಸಂಸದರು ತಮ್ಮ ತಮ್ಮ ಕ್ಷೇತ್ರದ ಜನಕ್ಕೆ ಕಾಣಿಕೆಯಂತೆ ಕೊಡಿಸಿದರು. ಇಪ್ಪತ್ತು ವರ್ಷ ಕಳೆಯುವುದರೊಳಗೆ ಅದೇ ಕಾರ್ಪ್ ಪೀಡೆಯಾಯಿತು. ಬೇಕಾದಾಗ ಕರೆದು ತಂದು, ಕೆಲಸ ಮುಗಿದ ಮೇಲೆ ಹೊಲಸು ಅನ್ನುವ ಬುದ್ಧಿ ಸಮುದ್ರದ ಆಚೆಗೂ ಒಂದೇ.

ಈಗ ನೀರಿನ ವಿಚಾರಕ್ಕೆ ಬರೋಣ. ನಿಜವಾದ ನ್ಯಾಯ ತೀರ್ಮಾನವಾಗಬೇಕಾದ್ದು ಅಲ್ಲಿ.

ಬಾಸ್‌ಗೆ ಬೇಕಾದ್ದು ತಿಳಿನೀರು, ಕಲ್ಲುಹಾಸು, ಹರಿವು, ತಂಪು. ಅದು ಕಣ್ಣಿನಿಂದ ನೋಡಿ ಬೇಟೆಯಾಡುವ ಮೀನು. ವಸಂತದಲ್ಲಿ ನೀರು 15 ಡಿಗ್ರಿ ದಾಟಿದ ಮೇಲೆ ಗಂಡು ಬಾಸ್ ನೊರಜುಗಲ್ಲಿನಲ್ಲಿ ಗೂಡು ಮಾಡುತ್ತದೆ, ಹೆಣ್ಣು ಮೊಟ್ಟೆಯಿಟ್ಟು ಹೋದ ಮೇಲೆ ಮರಿಯಾಗುವ ತನಕ ತಾನೇ ಕಾವಲು ಕಾಯುತ್ತದೆ. ಆ ದಿನಗಳಲ್ಲಿ ಪ್ರವಾಹ ಬಂದರೆ ಗೂಡು ಕೊಚ್ಚಿ ಹೋಯಿತು, ಆ ವರ್ಷದ ಮರಿಗಳೇ ಇಲ್ಲ. ಬೇಸಿಗೆಯಲ್ಲಿ ನೀರು ಇಳಿದು ಬಿಸಿಯಾದರೆ ಉಸಿರು ಕಟ್ಟುತ್ತದೆ. ಕಾರ್ಪ್ ಹಾಗಲ್ಲ. ನೀರು ಬಗ್ಗಡವಾಗಲಿ, ಬಿಸಿಯಾಗಲಿ, ಪ್ರಾಣವಾಯು ಕಡಿಮೆಯಾಗಲಿ, ತಡೆದುಕೊಳ್ಳುತ್ತದೆ. ಹೊಳೆ ಏರಿ ದಡದ ಹುಲ್ಲು ಮುಳುಗಿದರೆ ಅಲ್ಲಿಗೇ ಹೋಗಿ ಎರೆಹುಳು ಹೆಕ್ಕುತ್ತದೆ, ಅಲ್ಲೇ ಲಕ್ಷಗಟ್ಟಲೆ ಮೊಟ್ಟೆಯಿಡುತ್ತದೆ. ಹೊಳೆಯ ದಡದವನಿಗೆ ಇದು ಗೊತ್ತು. ನೀರು ಏರುವಾಗ ಕಾರ್ಪ್‌ಗೆ ದಡದಂಚು ಹಿಡಿಯಬೇಕು, ಬಾಸ್‌ಗೆ ಬಂಡೆಯ ಮರೆ ಹುಡುಕಬೇಕು. ನೀರು ಇಳಿದು ತಿಳಿಯಾದರೆ ಬಾಸ್ ಕಲ್ಲಿನ ಮೇಲೆ ನೊರೆಯುವ ಓಟದ ನೀರಲ್ಲಿ, ಕಾರ್ಪ್ ಮಡುವಿನ ತಳದಲ್ಲಿ.

ಹೀಗಾಗಿ ಹೊಳೆ ಕೆಟ್ಟಂತೆಲ್ಲ ಬಾಸ್ ಕಡಿಮೆಯಾಗಿ ಕಾರ್ಪ್ ಕಾಣಿಸುತ್ತದೆ. ಇದನ್ನು ಕಂಡವರು, ಕಾರ್ಪ್ ಬಂದು ನೀರು ಕೆಡಿಸಿತು ಅಂದುಬಿಟ್ಟರು. ತಿಪ್ಪೆಯ ಪಕ್ಕ ಗುಡಿಸಲು ಹಾಕಿಕೊಂಡವನನ್ನು ತೋರಿಸಿ ನೋಡಿ, ಇವನಿಂದಲೇ ನಾತ ಎಂದ ಹಾಗಾಯಿತು. ಅವನನ್ನು ತಿಪ್ಪೆಯ ಪಕ್ಕಕ್ಕೆ ತಳ್ಳಿದ್ದು ಯಾರು, ತಿಪ್ಪೆ ಯಾರ ಮನೆಯದು ಎಂದು ಕೇಳಬೇಡವೇ?

ಕಾರ್ಪ್ ತಳದ ಕೆಸರು ಎಬ್ಬಿಸುತ್ತದೆ, ನೀರುಗಿಡಗಳ ಬೇರು ಕೀಳುತ್ತದೆ, ಬೇರೆ ಮೀನಿಗೆ ತೊಂದರೆಯಾಗುತ್ತದೆ ಎಂದು ವಿಜ್ಞಾನಿಗಳು ಹೇಳುತ್ತಾರೆ. ಅದು ಸುಳ್ಳಲ್ಲ, ನಾವು ಅಲ್ಲಗಳೆಯುವುದಿಲ್ಲ. ಆದರೆ ಸಸ್ಕ್ವೆಹಾನಾದ ಕೊಂಬೆಗಳಿಗೆ ಗಣಿಯ ಹುಳಿನೀರು ಬಿಟ್ಟದ್ದು ಕಾರ್ಪ್ ಅಲ್ಲ. 1928ರಲ್ಲಿ ಕೊನೊವಿಂಗೋ ಅಣೆಕಟ್ಟು ಕಟ್ಟಿ ಕಡಲಿನಿಂದ ಏರಿಬರುವ ಮೀನುಗಳ ದಾರಿ ಮುಚ್ಚಿದ್ದು ಕಾರ್ಪ್ ಅಲ್ಲ. 1959ರ ಜನವರಿ 22ರಂದು, ಲಾಭದ ಆಸೆಗೆ ಹೊಳೆಯ ಅಡಿಗೇ ಸುರಂಗ ಕೊರೆದು, ಮೇಲಿನ ನೆಲ ಕುಸಿದು ಸಸ್ಕ್ವೆಹಾನಾ ಗಣಿಯೊಳಕ್ಕೆ ನುಗ್ಗಿತು. ನಾಕ್ಸ್ ಗಣಿಯ 12 ಜನ ಕೂಲಿಗಳು ಒಳಗೇ ಮುಳುಗಿದರು, ಅವರ ಹೆಣಗಳೂ ಸಿಗಲಿಲ್ಲ. ಇದನ್ನು ಯಾವ ಮೀನಿನ ತಲೆಗೆ ಕಟ್ಟುತ್ತೀರಿ?

ಆಮೇಲೆ ಏನಾಯಿತು ಕೇಳಿ. ಕೆಟ್ಟ ನೀರು ಕೊನೆಗೆ ಮೇಲ್ಜಾತಿಯ ಮೀನಿನ ಮನೆಗೂ ನುಗ್ಗಿತು. 2003ರಲ್ಲಿ ಪೊಟೋಮ್ಯಾಕ್‌ನ ದಕ್ಷಿಣ ಶಾಖೆಯಲ್ಲಿ ಗಂಡು ಬಾಸ್‌ಗಳ ವೃಷಣದೊಳಗೆ ಹೆಣ್ಣಿನ ಮೊಟ್ಟೆಗಳು ಕಂಡವು. 2005ರಲ್ಲಿ ಶೆನಂಡೋವಾ ಉಪನದಿಯಲ್ಲಿ ಬಾಸ್‌ಗಳು ಮೈತುಂಬ ಹುಣ್ಣಾಗಿ ರಾಶಿ ರಾಶಿ ಸತ್ತವು. ಅದೇ ವರ್ಷದಿಂದ ಸಸ್ಕ್ವೆಹಾನಾದಲ್ಲಿ ಬಾಸ್ ಮರಿಗಳಿಗೆ ಕಾಯಿಲೆ ಬಿತ್ತು. ಅಲ್ಲಿನ ಮೀನುಗಾರಿಕೆ ಆಯೋಗ ಈ ಹೊಳೆಗೆ ರೋಗವಿದೆ ಎಂದು ಪಟ್ಟಿಯಲ್ಲಿ ಬರೆಯಿರಿ ಎಂದು ರಾಜ್ಯದ ಪರಿಸರ ಇಲಾಖೆಯನ್ನು ವರ್ಷಗಟ್ಟಲೆ ಕೇಳಿತು, ಇಲಾಖೆ ಒಪ್ಪಲಿಲ್ಲ. 2015ರಲ್ಲಿ ಮುಗಿದ ದೊಡ್ಡ ತನಿಖೆ ಎರಡು ಕಾರಣ ಎತ್ತಿ ಹೇಳಿತು: ದೇಹದ ಹಾರ್ಮೋನು ಕೆಡಿಸುವ ರಾಸಾಯನಿಕ ಹಾಗೂ ಕಳೆನಾಶಕಗಳು ಒಂದು, ರೋಗಾಣು ಮತ್ತು ಪರಾವಲಂಬಿಗಳು ಇನ್ನೊಂದು.

ಆ ರಾಸಾಯನಿಕ ಎಲ್ಲಿಂದ ಬರುತ್ತೆ? ಜೋಳದ ದೊಡ್ಡ ದೊಡ್ಡ ಹೊಲಗಳಿಂದ, ಕೋಳಿ ದನಗಳ ಗೊಬ್ಬರದಿಂದ, ಪಟ್ಟಣಗಳ ಚರಂಡಿಯಿಂದ. 1972ರ ಶುದ್ಧ ಜಲ ಕಾಯಿದೆ ಮೀನು ಹಿಡಿಯಲು ಈಜಲು ಯೋಗ್ಯವಾದ ನೀರು ಕೊಡುತ್ತೇವೆಂದು ಮಾತು ಕೊಟ್ಟಿತು. ಕಾರ್ಖಾನೆಯ ಕೊಳವೆಗೆ ಪರವಾನಗಿ ಬೇಕೆಂದಿತು. ಮಳೆಗೆ ಹೊಲದಿಂದ ಕೊಚ್ಚಿ ಬರುವ ವಿಷಕ್ಕೆ ಬೇಕಿಲ್ಲ ಅಂದಿತು. ದೊಡ್ಡ ಜಮೀನುದಾರನಿಗೆ ಹಿಂಬಾಗಿಲು ಇಡದ ಕಾಯಿದೆಯನ್ನು ನಾವಿನ್ನೂ ನೋಡಬೇಕಾಗಿದೆ. ಕೊನೆಗೆ ಕಟ್ಟಳೆ ಬಂದದ್ದು ಯಾರ ಮೇಲೆ? ಗಾಳ ಹಿಡಿದವನ ಮೇಲೆ. ಸಸ್ಕ್ವೆಹಾನಾದ ಉದ್ದನೆಯ ಭಾಗದಲ್ಲಿ ಬಾಸ್ ಹಿಡಿದರೆ ಕೂಡಲೇ ಬಿಡಬೇಕು ಎಂದಾಯಿತು. ಮೀನು ಉಳಿಯಲಿ, ನಮ್ಮದೇನೂ ತಕರಾರಿಲ್ಲ. ಆದರೆ ವಿಷ ಬಿಡುವವನಿಗೆ ಬಿಡುವುದನ್ನು ನಿಲ್ಲಿಸು ಎಂದು ಅಷ್ಟೇ ಗಟ್ಟಿಯಾಗಿ ಹೇಳಿದ ಕಟ್ಟಳೆ ಎಲ್ಲಿ?

ಹಿಡಿದು ಬಿಡುವುದರಲ್ಲೂ ಒಂದು ಹೊಸ ಮಡಿ ಹುಟ್ಟಿಕೊಂಡಿದೆ. ಹಿಡಿದು, ಫೋಟೋ ತೆಗೆಸಿಕೊಂಡು, ಬಿಟ್ಟವನು ಸಜ್ಜನ, ಪ್ರಕೃತಿಪ್ರೇಮಿ. ಹಿಡಿದು ಮನೆಗೆ ಒಯ್ದು ಸಾರು ಮಾಡಿ ಮಕ್ಕಳಿಗೆ ಬಡಿಸಿದವನು ಒರಟ. ಕಾರ್ಪ್ ಕಸವಾದದ್ದಕ್ಕೆ ಇದೂ ಒಂದು ಕಾರಣ: ಅದನ್ನು ತಿನ್ನುತ್ತಿದ್ದವರು ಪೂರ್ವ ಯುರೋಪಿನಿಂದ ಹೊಟ್ಟೆಪಾಡಿಗೆ ಬಂದ ಯಹೂದಿಗಳು, ಪೋಲರು, ಬಡ ಕಪ್ಪು ಜನ. 1865ರಲ್ಲಿ ಗುಲಾಮಗಿರಿ ರದ್ದಾದ ಮೇಲೆ ದಕ್ಷಿಣದ ಜಮೀನುದಾರರು ಕಪ್ಪು ಜನರ ಬೇಟೆ ಮತ್ತು ಮೀನುಗಾರಿಕೆಗೆ ಅಡ್ಡಿ ತರಲು ಹೊರಟಿದ್ದರು. ಯಾಕೆ? ಹೊಳೆಯಲ್ಲಿ ಊಟ ಸಿಕ್ಕರೆ ಹತ್ತಿ ಹೊಲಕ್ಕೆ ಕೂಲಿ ಬರುವವರು ಯಾರು! ಇವತ್ತಿಗೂ ಪೊಟೋಮ್ಯಾಕ್ ಸೇರುವ ಅನಕೋಸ್ಟಿಯಾ ಹೊಳೆಯ ದಡದಲ್ಲಿ, ವಾಷಿಂಗ್ಟನ್ನಿನ ಕಪ್ಪು ಜನರ ಬಡಾವಣೆಗಳಲ್ಲಿ, ಊಟಕ್ಕೆಂದು ಗಾಳ ಹಾಕುವವರಿದ್ದಾರೆ. ಅವರಿಗೆ ನಗರ ಕೊಟ್ಟದ್ದು ಮೀನು ತಿನ್ನುವುದರ ಬಗ್ಗೆ ಎಚ್ಚರಿಕೆ. ಪಿಸಿಬಿ ಎಂಬ ವಿಷವನ್ನು ತಯಾರಿಸುವುದು 1979ರಲ್ಲೇ ನಿಷೇಧವಾಯಿತು, ಆದರೂ ಅದು ಹೊಳೆಯ ಕೆಸರಿನಲ್ಲಿ ಉಳಿದು ಮೀನಿನ ಕೊಬ್ಬು ಸೇರುತ್ತಿದೆ. ವಿಷ ಮಾರಿ ದುಡ್ಡು ಮಾಡಿಕೊಂಡವರು ಬೇರೆ, ತಿನ್ನಬೇಡ ಅನ್ನಿಸಿಕೊಳ್ಳುವವರು ಬೇರೆ.

ಜಾತಿ ಮೀನಿನ ರಕ್ತದಲ್ಲಿಲ್ಲ ಎಂಬುದಕ್ಕೆ ಇಂಗ್ಲೆಂಡೇ ಸಾಕ್ಷಿ. ಅಲ್ಲಿ ಸಾಮನ್, ಟ್ರೌಟ್ ಮಾತ್ರ ಗೇಮ್. ಉಳಿದದ್ದೆಲ್ಲ ಒರಟು ಜಾತಿ. ಆದರೆ ಆ ಒರಟು ಜಾತಿಯೊಳಗೆ ರಾಜ ಯಾರು? ಇದೇ ಕಾರ್ಪ್! ಅದನ್ನು ಹಿಡಿಯಲು ಸಾವಿರಾರು ಜನ ದುಡ್ಡು ಕೊಟ್ಟು ಕೆರೆಯ ದಡದಲ್ಲಿ ರಾತ್ರಿ ಕಳೆಯುತ್ತಾರೆ. ಈಗೀಗ ಅಮೆರಿಕದಲ್ಲೂ ಕೆಲವು ಶ್ರೀಮಂತ ಗಾಳಗಳು ಕಾರ್ಪ್ ಕಡೆ ತಿರುಗಿವೆ, ಅದಕ್ಕೂ ಮರ್ಯಾದೆ ಶುರುವಾಗಿದೆ. ಎಂ. ಎನ್. ಶ್ರೀನಿವಾಸರು ಇದ್ದಿದ್ದರೆ ಸಂಸ್ಕೃತೀಕರಣ ಅನ್ನುತ್ತಿದ್ದರೋ ಏನೋ. ಬಡವನ ಬಾಣಲೆಯಲ್ಲಿ ನೂರು ವರ್ಷ ಬೆಂದರೂ ಬಾರದ ಮರ್ಯಾದೆ ಧಣಿಯ ಗಾಳ ತಾಗಿದ ಕೂಡಲೇ ಬಂತು.

ಈ ಇಂಗ್ಲಿಷ್ ವರ್ಣಾಶ್ರಮವನ್ನು ಸಾಹೇಬರು ನಮ್ಮ ಹೊಳೆಗೂ ತಂದರು. ದಕ್ಷಿಣ ಕನ್ನಡದಲ್ಲಿ ಕಲೆಕ್ಟರಾಗಿದ್ದ ಎಚ್. ಎಸ್. ಥಾಮಸ್ 1873ರಲ್ಲಿ ಇಂಡಿಯಾದ ಗಾಳದ ಬೇಟೆಯ ಮೇಲೆ ಪುಸ್ತಕ ಬರೆದ. ಕಾವೇರಿಯ ಬಿಳಿಮೀನು, ಅಂದರೆ ಮಹಸೀರ್, ಕುಲದಲ್ಲಿ ಕಾರ್ಪ್‌ನ ದಾಯಾದಿ. ಸಾಹೇಬನ ಗಾಳಕ್ಕೆ ಬಿದ್ದದ್ದರಿಂದ ಅದು ಗೇಮ್ ಆಯಿತು. 1946ರಲ್ಲಿ ಕಬಿನಿಯಲ್ಲಿ ವ್ಯಾನ್ ಇಂಗೆನ್ ಹಿಡಿದ 120 ಪೌಂಡಿನ ಮಹಸೀರ್ ದಾಖಲೆಯಲ್ಲಿ ಕೂತಿತು. ಅದೇ ಮೀನನ್ನು ಹರಿಗೋಲಿನಲ್ಲಿ ಬಲೆ ಬೀಸಿ ಹಿಡಿದ ಬೆಸ್ತನ ಹೆಸರು ಎಲ್ಲೂ ಇಲ್ಲ. ಇದ್ದರೆ ಕಳ್ಳಬೇಟೆಯ ಕೇಸಿನಲ್ಲಿ ಇರಬೇಕು. ಆಟದ ಮೀನು ಹೆಚ್ಚಲೆಂದು ಲೋನಾವಳದಿಂದ ನೀಲಿರೆಕ್ಕೆಯ ಮಹಸೀರ್ ಮರಿಗಳನ್ನು ತಂದು ಕಾವೇರಿಗೆ ಬಿಟ್ಟರು. ಅದು ಹೆಚ್ಚಿತು, ಹೊಳೆಯದೇ ಸ್ವಂತವಾದ ಗೂನುಬೆನ್ನಿನ ಮಹಸೀರ್ ಕುಗ್ಗಿತು. 2018ರಲ್ಲಿ ಅದಕ್ಕೆ ಶಾಸ್ತ್ರದ ಹೆಸರು ಗೊತ್ತಾಗುವ ಹೊತ್ತಿಗೆ ಅದು ಅಳಿವಿನ ಅಂಚಿಗೆ ಬಂದಿತ್ತು. ಡೈನಮೈಟ್ ಹಾಕಿ ಮೀನು ಕೊಲ್ಲುವುದು ತಪ್ಪೇ ತಪ್ಪು, ಯಾರು ಹಾಕಿದರೂ ತಪ್ಪು. ಆದರೆ ಅಣೆಕಟ್ಟು, ಮರಳು ಲೂಟಿ, ಪಟ್ಟಣದ ಕೊಳಕು ಇವೆಲ್ಲಕ್ಕೂ ದಡದ ಬಡವನೊಬ್ಬನೇ ಅಪರಾಧಿ ಎಂಬ ತೀರ್ಪನ್ನು ನಾವು ಒಪ್ಪುವುದಿಲ್ಲ.

1927ರ ಮಾರ್ಚ್ 20ರಂದು ಬಾಬಾಸಾಹೇಬರು ಮಹಾಡದ ಚವದಾರ್ ಕೆರೆಗೆ ಇಳಿದು ನೀರು ಕುಡಿದರು. ದನ ಕುಡಿದರೆ ಮೈಲಿಗೆಯಾಗದ ಕೆರೆ ಅಸ್ಪೃಶ್ಯ ಮುಟ್ಟಿದರೆ ಮೈಲಿಗೆಯಾಯಿತೆಂದು ಆಮೇಲೆ ಪಂಚಗವ್ಯ ಸುರಿದು ಶುದ್ಧ ಮಾಡಿದರು. ನೀರು ಕೆಡಿಸುವವನು ಯಾರು ಎಂದು ತೀರ್ಮಾನಿಸುವ ಅಧಿಕಾರ ಯಾರ ಕೈಲಿದೆ ಎಂಬುದೇ ಅಂದಿನ ಪ್ರಶ್ನೆ. ಪೊಟೋಮ್ಯಾಕ್‌ನಲ್ಲೂ ಕಾವೇರಿಯಲ್ಲೂ ಇಂದಿನ ಪ್ರಶ್ನೆ ಅದೇ.

ಹಳ್ಳಿಶಾಲೆಯ ಮೇಷ್ಟ್ರುಗಳೇ, ವಿದ್ಯಾರ್ಥಿ ಗೆಳೆಯರೇ, ಪರಿಸರದ ಪಾಠ ಮಾಡುವಾಗ ಒಳ್ಳೆಯ ಮೀನು ಕೆಟ್ಟ ಮೀನು ಎಂದು ಬೋರ್ಡಿನ ಮೇಲೆ ಎರಡು ಪಟ್ಟಿ ಬರೆದು ಮುಗಿಸಬೇಡಿ. ಮಕ್ಕಳನ್ನು ನಿಮ್ಮೂರ ಹಳ್ಳಕ್ಕೆ, ಕೆರೆ ಕೋಡಿಗೆ ಕರೆದುಕೊಂಡು ಹೋಗಿ. ಈ ಮೀನನ್ನು ಇಲ್ಲಿಗೆ ತಂದವರು ಯಾರು? ಈ ನೀರಿಗೆ ಏನು ಬಿಡುತ್ತಿದ್ದಾರೆ, ಬಿಡುವವರು ಯಾರು? ಇಲ್ಲಿಯ ಮೀನು ತಿನ್ನುವವರು ಯಾರು, ಇದರ ಗುತ್ತಿಗೆ ಯಾರ ಕೈಲಿದೆ? ಉತ್ತರವನ್ನು ಮೀನು ಹಿಡಿಯುವವನ ಬಾಯಿಂದಲೇ ಕೇಳಿ ಬರೆದುಕೊಳ್ಳಲಿ. ಬರೆದದ್ದನ್ನು ಗ್ರಾಮಸಭೆಯಲ್ಲಿ ಎಲ್ಲರ ಎದುರು ಗಟ್ಟಿಯಾಗಿ ಓದಲಿ. ಆಗ ಎದ್ದು ನಿಂತು ಸಾಕು ಕೂತ್ಕೊಳ್ರೋ ಎಂದು ಗದರುವವನು ಯಾರೋ, ನಿಮ್ಮೂರ ನೀರಿನ ಲೆಕ್ಕ ಅವನಿಂದಲೇ ಕೇಳಲು ಶುರುಮಾಡಿ.