ಜೋಳಿಗೆಗೆ ಏನು ಹಾಕ್ತೀ, ತಮ್ಮಾ?

ಈ ವಾರದ ಟಪಾಲಿನಲ್ಲಿ ಮುಕ್ಕಾಲು ಪಾಲು ಪತ್ರ ಎಂದಿನವೇ. ಯಾವ ಪಿಕ್ಚರು ಎಷ್ಟು ದಿನ ಓಡಿತು, ಯಾರ ಫೈಟು ಚಲೋ, ಯಾರ ಡ್ಯಾನ್ಸು ಚಲೋ, ನಮ್ಮ ಹೀರೋನ ಮುಂದಿನ ಚಿತ್ರ ಯಾವಾಗ... ಅವಕ್ಕೆಲ್ಲ ಮುಂದಿನ ವಾರ ಉತ್ತರ ಕೊಡುತ್ತೇನೆ, ಸಿಟ್ಟಾಗಬೇಡಿ. ಒಂದು ಪತ್ರ ಮಾತ್ರ ಬೇರೆ ಥರ ಇತ್ತು. ಬಾಗಲಕೋಟೆಯ ನವನಗರದಿಂದ ಬಂದದ್ದು. ಬರೆದವನು ಅಲ್ಲಿನ ಒಂದು ಅಭಿಮಾನಿ ಬಳಗದ ಹುಡುಗ. ಹೆಸರು ಹಾಕಬೇಡಿ ಎಂದಿದ್ದಾನೆ, ಹಾಕುವುದಿಲ್ಲ. ಅವನ ಮಾತನ್ನಷ್ಟೇ ಅವನ ಬಾಯಿಂದಲೇ ಕೇಳಿ:

"ಅಣ್ಣಾರ, ಬರೋ ತಿಂಗಳು ನಮ್ಮ ಹೀರೋನ ಹುಟ್ಟುಹಬ್ಬ. ಪ್ರತಿ ವರ್ಷ ಕಟೌಟಿಗೆ ಹಾಲು ಎರೀತಿದ್ವಿ. ಈ ಸಲ ಡ್ರಗ್ಸ್ ವಿರುದ್ಧ ಜಾಗೃತಿ ಕಾರ್ಯಕ್ರಮ ಮಾಡಬೇಕಂತ ಮಾಡೀವಿ. ಬ್ಯಾನರ್ ಸುದ್ದಾ ಹೊಡಿಸೀವಿ. ಖರೇ ಹೇಳಬೇಕಂದ್ರ, ನಮ್ಮ ಗ್ಯಾಂಗಿನ್ಯಾಗ ಒಬ್ಬಾವ ದಾರಿ ತಪ್ಯಾನ್ರೀ. ಮೊದಲು ಸಿಗರೇಟಿನ್ಯಾಗ ತುಂಬಿ ಸೇದ್ತಿದ್ದ, ಈಗ ಯಾವ್ಯಾವೋ ಗುಳಿಗಿ ನುಂಗ್ತಾನ. ಬ್ಯಾನರ್ ಕಟ್ಟಾಕ ಏಣಿ ಹತ್ತಾವನೂ ಅವನ. ಅವನ ಮುಂದ ನಾವು ಹೆಂಗ ಘೋಷಣಾ ಕೂಗೂದು? ಏನ್ ಮಾಡೂನು, ಹೇಳ್ರಿ."

ಓದಿ ಎರಡು ದಿನ ಆ ಪತ್ರವನ್ನು ಕಿಸೆಯಲ್ಲೇ ಇಟ್ಟುಕೊಂಡು ಓಡಾಡಿದೆ. ಭಾಷಣದ ಪಾಯಿಂಟು ಕೇಳಿ ಬರೆಯುವವರು ಬಹಳ. ಏಣಿ ಹತ್ತಿದವನ ಬಗ್ಗೆ ಕೇಳಿದವನು ಇವನೊಬ್ಬನೇ.

ಮೈಕು, ಮಾಲೆ, ಚಹಾ, ಬಿಸ್ಕೀಟು

ಜಾಗೃತಿ ಕಾರ್ಯಕ್ರಮ ಹೆಂಗಿರುತ್ತೆ ಅಂತ ನಿಮಗೆ ಗೊತ್ತಿದ್ದದ್ದೇ. ಜೂನ್ 26 ಬಂತೆಂದರೆ ಮಾದಕವಸ್ತು ವಿರೋಧಿ ದಿನ. 1987ರಲ್ಲಿ ವಿಶ್ವಸಂಸ್ಥೆ ಗೊತ್ತು ಮಾಡಿದ ದಿನ ಅದು. ಕಾಲೇಜಿನ ಹುಡುಗರನ್ನು ಬಿಸಿಲಲ್ಲಿ ಜಾಥಾ ನಡೆಸುತ್ತಾರೆ. ವೇದಿಕೆ ಮೇಲೆ ಹತ್ತು ಕುರ್ಚಿ. ಪೊಲೀಸ್ ಸಾಹೇಬರು ಜೈಲಿನ ಹೆದರಿಕೆ ಹಾಕುತ್ತಾರೆ, ಡಾಕ್ಟರು ಕ್ಯಾನ್ಸರಿನ ಹೆದರಿಕೆ ಹಾಕುತ್ತಾರೆ. ಎಲ್ಲರೂ ಕೈ ಮುಂದೆ ಚಾಚಿ ಪ್ರತಿಜ್ಞೆ ಮಾಡುತ್ತಾರೆ. ಚಹಾ, ಬಿಸ್ಕೀಟು, ಫೋಟೋ... ಶುಭಂ!

ಇದರಿಂದ ಏನಾಗುತ್ತದೆ? ಅಮೆರಿಕದವರು ಇದನ್ನು ಲೆಕ್ಕ ಹಾಕಿಯೇ ನೋಡಿದ್ದಾರೆ. 1983ರಲ್ಲಿ ಲಾಸ್ ಏಂಜಲೀಸಿನಲ್ಲಿ ಡೇರ್ ಎಂಬ ಹೆಸರಿನ ಕಾರ್ಯಕ್ರಮ ಶುರುವಾಯಿತು. ಸಮವಸ್ತ್ರದ ಪೊಲೀಸರೇ ಶಾಲೆಗೆ ಬಂದು ಡ್ರಗ್ಸ್ ಬೇಡ ಎಂದು ಪಾಠ ಮಾಡುವುದು. ಅದು ದೇಶವೆಲ್ಲ ಹಬ್ಬಿತು, ಕೋಟಿಗಟ್ಟಲೆ ಡಾಲರ್ ಸುರಿದರು. 1990ರ ದಶಕದಲ್ಲಿ ಸಂಶೋಧಕರು ಪರೀಕ್ಷೆ ಮಾಡಿದಾಗ, ಪಾಠ ಕೇಳಿದವರಿಗೂ ಕೇಳದವರಿಗೂ ಕೆಲವು ವರ್ಷದ ನಂತರ ಹೆಚ್ಚು ಕಡಿಮೆ ಏನೂ ವ್ಯತ್ಯಾಸ ಕಾಣಲಿಲ್ಲ. ಕೊನೆಗೆ ಅವರು ಪಾಠವನ್ನೇ ಬದಲಿಸಬೇಕಾಯಿತು. ವಿಶ್ವಸಂಸ್ಥೆಯ ಮಾದಕವಸ್ತು ಕಚೇರಿ 2013ರಲ್ಲಿ ಒಂದು ಮಾರ್ಗಸೂಚಿ ಹೊರಡಿಸಿತು, 2018ರಲ್ಲಿ ತಿದ್ದಿ ಮತ್ತೆ ಹೊರಡಿಸಿತು. ಅದರಲ್ಲೂ ಇದೇ ಮಾತು. ಬರೀ ಭಾಷಣ, ಬರೀ ಹೆದರಿಕೆ, ಇವುಗಳಿಂದ ಉಪಯೋಗ ಕಾಣುವುದಿಲ್ಲ. ಹುಡುಗರ ಜೊತೆ ಕೂತು ಮಾತಾಡಿ, ಗೆಳೆಯ ಒತ್ತಾಯ ಮಾಡಿದಾಗ ಒಲ್ಲೆ ಅನ್ನುವುದು ಹೇಗೆ ಎಂದು ಮಾಡಿ ತೋರಿಸಿ, ಮಾಡಿಸಿ ಕಲಿಸಿದರೆ ನಾಟುತ್ತದೆ. ಮನೆಯವರೂ ಅದರಲ್ಲಿ ಕೂಡಬೇಕು.

ಹೆದರಿಕೆ ಯಾಕೆ ನಾಟುವುದಿಲ್ಲ? ಒಂದು ದಮ್ಮಿಗೇ ಸತ್ತೇ ಹೋಗ್ತೀರಿ ಎಂದು ವೇದಿಕೆ ಮೇಲೆ ಹೇಳುತ್ತಾರೆ. ಹುಡುಗ ಪಕ್ಕಕ್ಕೆ ತಿರುಗಿ ನೋಡುತ್ತಾನೆ. ಸೇದಿದ ದೋಸ್ತ ನಗುತ್ತಾ ನಿಂತಿದ್ದಾನೆ! ಅಲ್ಲಿಂದ ಮುಂದೆ ಹೇಳಿದ ಖರೇ ಮಾತನ್ನೂ ಅವನು ನಂಬುವುದಿಲ್ಲ. ಖರೇ ಲೆಕ್ಕವನ್ನೇ ಹೇಳಿಬಿಡಿ. ಗಾಂಜಾ ಸೇದುವ ಹತ್ತು ಜನರಲ್ಲಿ ಸುಮಾರು ಒಬ್ಬ ಅದರ ಗುಲಾಮನಾಗುತ್ತಾನೆ. ಹದಿಹರೆಯದಲ್ಲೇ ಶುರು ಮಾಡಿದರೆ ಆರರಲ್ಲಿ ಒಬ್ಬ. ನಿಮ್ಮ ಗ್ಯಾಂಗಿನಲ್ಲಿ ಎಷ್ಟು ಜನ? ಆ ಒಬ್ಬ ಯಾರಾಗುತ್ತಾನೆ ಎಂದು ಮೊದಲೇ ಹೇಳಲು ಯಾವ ಜ್ಯೋತಿಷಿಗೂ ಆಗದು. ಈ ಲೆಕ್ಕವೇ ಸಾಕು ಹೆದರಿಕೆಗೆ.

ಪರದೆ ಮೇಲಿನ ಹೊಗೆ

ಸಿನಿಮಾ ಪತ್ರಿಕೆಯಲ್ಲಿ ಕೂತು ಸಿನಿಮಾದ ಮಾತು ಆಡದಿದ್ದರೆ ಹೇಗೆ? 1971ರ ದೇವ್ ಆನಂದರ 'ಹರೇ ರಾಮ ಹರೇ ಕೃಷ್ಣ' ನೆನಪಿಸಿಕೊಳ್ಳಿ. ಕಠ್ಮಂಡುವಿನ ಹಿಪ್ಪಿಗಳ ನಡುವೆ ನಶೆಯಲ್ಲಿ ಕಳೆದುಹೋದ ತಂಗಿಯನ್ನು ಹುಡುಕುವ ಅಣ್ಣನ ಕಥೆ. ಕೊನೆಗೆ ತಂಗಿ ಉಳಿಯುವುದಿಲ್ಲ. ದೇವ್ ಆನಂದ್ ಎಚ್ಚರಿಕೆ ಕೊಡಲೆಂದೇ ತೆಗೆದ ಚಿತ್ರ ಅದು. ಆದರೆ ಜನರ ಬಾಯಲ್ಲಿ ಉಳಿದದ್ದು ಏನು? ಆಶಾ ಭೋಸ್ಲೆ ಹಾಡಿದ ಆ ದಮ್ಮಿನ ಹಾಡು! ತಂಗಿಯ ಸಾವು ಯಾರಿಗೂ ನೆನಪಿಲ್ಲ.

ಇನ್ನೊಂದು. 2012ರ ಅಕ್ಟೋಬರ್ 2ರಿಂದ ತಂಬಾಕಿನ ದೃಶ್ಯವಿರುವ ಚಿತ್ರಕ್ಕೆ ಶುರುವಿನಲ್ಲೂ ಇಂಟರ್ವಲ್ಲಿನಲ್ಲೂ ಎಚ್ಚರಿಕೆ ತೋರಿಸಬೇಕೆಂಬ ನಿಯಮ ಬಂತು. ಗುಟ್ಕಾ ತಿಂದು 24ಕ್ಕೇ ತೀರಿಕೊಂಡ ತರುಣನ ಜಾಹೀರಾತು ಬಂದಾಗ ಗಾಂಧಿ ಕ್ಲಾಸಿನಲ್ಲಿ ಅವನ ಮಾತನ್ನೇ ಅಣಕಿಸಿ ಸಿಳ್ಳೆ ಹೊಡೆದರು. ಅವನೂ ನಿಮ್ಮಂಥ ಹುಡುಗನೇ ಆಗಿದ್ದ. ದಿನಾ ನೋಡಿದ ಹೆದರಿಕೆ ಕೊನೆಗೆ ತಮಾಷೆಯಾಗುತ್ತದೆ, ಅಷ್ಟೇ.

2020ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಸಿಸಿಬಿ ಪೊಲೀಸರು ಚಿತ್ರರಂಗದವರನ್ನು ಡ್ರಗ್ಸ್ ಕೇಸಿನಲ್ಲಿ ಬಂಧಿಸಿದಾಗ ಟೀವಿಯಲ್ಲಿ ಹಗಲೂ ರಾತ್ರಿ ಅದೇ. ಆಮೇಲೆ ಇಬ್ಬರು ನಟಿಯರ ಮೇಲಿನ ಕೇಸನ್ನು ಹೈಕೋರ್ಟ್ ರದ್ದು ಮಾಡಿತು. ಆ ಸುದ್ದಿ ಎಷ್ಟು ಜನ ಓದಿದಿರಿ? ಅಷ್ಟೆಲ್ಲ ಗದ್ದಲವಾಯಿತಲ್ಲ, ಅದರಿಂದ ನವನಗರದ ಒಬ್ಬ ಹುಡುಗನಾದರೂ ಚಟ ಬಿಟ್ಟನೇ?

ಸಿನಿಮಾದಿಂದ ಒಳ್ಳೆಯದೇ ಆಗುವುದಿಲ್ಲ ಎನ್ನುತ್ತಿಲ್ಲ. 1992ರ 'ಜೀವನ ಚೈತ್ರ'ದಲ್ಲಿ ಅಣ್ಣಾವ್ರು ಹಳ್ಳಿಯ ಸಾರಾಯಿ ವಿರುದ್ಧ ಎದ್ದು ನಿಂತರು. ಥಿಯೇಟರಿನಲ್ಲಿ ಹೆಣ್ಣುಮಕ್ಕಳು ಚಪ್ಪಾಳೆ ತಟ್ಟಿದರು. 2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿಯೇ ನಿಂತಿತು. ಸಾರಾಯಿ ಹೋಯಿತು, ಕುಡಿತ ಮಾತ್ರ ಬಾಟಲಿ ಬದಲಿಸಿಕೊಂಡು ಉಳಿಯಿತು. 2013ರಲ್ಲಿ ಗುಟ್ಕಾ ನಿಷೇಧವಾಯಿತು. ಬಸ್ ಸ್ಟ್ಯಾಂಡಿನ ಪಾನ್ ಅಂಗಡಿಯಲ್ಲಿ ಪಾನ್ ಮಸಾಲದ ಚೀಟಿ ಒಂದು, ತಂಬಾಕಿನ ಚೀಟಿ ಇನ್ನೊಂದು. ಅಂಗೈಯಲ್ಲಿ ಕೂಡಿಸಿದರೆ ಮತ್ತೆ ಗುಟ್ಕಾ! ಈ ಪತ್ರಿಕೆಯನ್ನು ಅದೇ ಅಂಗಡಿ ಪಕ್ಕ ನಿಂತು ಕೊಂಡವರು ಒಮ್ಮೆ ತಿರುಗಿ ನೋಡಿ. ಕಾನೂನು ಅಂಗಡಿ ಮುಚ್ಚಿಸಬಹುದು, ಬಾಯಿ ಮುಚ್ಚಿಸುವುದು ಅದರ ಕೈಲಿ ಇಲ್ಲ.

ಇಳಕಲ್ಲಿನ ಜೋಳಿಗೆ

ಹಾಗಾದರೆ ದಾರಿ ಯಾವುದು? ನವನಗರದ ಹುಡುಗಾ, ಅದಕ್ಕೆ ಅಮೆರಿಕಕ್ಕೆ ಹೋಗಬೇಕಿಲ್ಲ. ನಿಮ್ಮ ಬಸ್ ಸ್ಟ್ಯಾಂಡಿನಿಂದ ಇಳಕಲ್ ಬಸ್ಸು ಹತ್ತು. ಅಮೀನಗಡದಲ್ಲಿ ಕರದಂಟು ತಗೊಂಡು, ಹುನಗುಂದ ದಾಟಿದರೆ ಇಳಕಲ್. ಸೀರೆಯ ಊರು ಅಂತ ನಿನಗೆ ಗೊತ್ತು. ಜೋಳಿಗೆಯ ಊರು ಅಂತ ಗೊತ್ತೇ?

ಅಲ್ಲಿನ ಚಿತ್ತರಗಿ ವಿಜಯ ಮಹಾಂತೇಶ್ವರ ಮಠಕ್ಕೆ ಡಾ. ಮಹಾಂತ ಶಿವಯೋಗಿಗಳು ಎಂಬ ಸ್ವಾಮಿಗಳಿದ್ದರು. 1930ರ ಆಗಸ್ಟ್ 1ರಂದು ಹುಟ್ಟಿದವರು, 2018ರ ಮೇ ತಿಂಗಳಲ್ಲಿ ಲಿಂಗೈಕ್ಯರಾದರು. ಮಠದ ಸ್ವಾಮಿಗಳು ಜೋಳಿಗೆ ಹಿಡಿದರೆ ಕಾಳು ಕಡಿ ಬೇಡುವುದು ಪದ್ಧತಿ. ಇವರು 1975ರಲ್ಲಿ ಜೋಳಿಗೆ ಹಿಡಿದು ಬೇರೆಯದನ್ನೇ ಬೇಡಲು ಹೊರಟರು. ಜೋಳ ಬೇಡ, ರೊಕ್ಕ ಬೇಡ, ನಿನ್ನ ಚಟವನ್ನು ಹಾಕು! ಓಣಿ ಓಣಿ ತಿರುಗಿ, ಮನೆ ಬಾಗಿಲಿಗೆ ಹೋಗಿ ನಿಂತು ಕೇಳಿದರು. ಜನ ಬೀಡಿ ಕಟ್ಟು, ತಂಬಾಕಿನ ಚೀಟಿ ಹಾಕಿದರು. ಕುಡಿಯುವವರು ಇನ್ನು ಮುಟ್ಟುವುದಿಲ್ಲ ಎಂಬ ಮಾತು ಹಾಕಿದರು. ಊರವರು ಅದಕ್ಕೆ ಮಹಾಂತ ಜೋಳಿಗೆ ಎಂದು ಹೆಸರಿಟ್ಟರು. ಅವರ ಹುಟ್ಟಿದ ದಿನವಾದ ಆಗಸ್ಟ್ 1ನ್ನು ಸರ್ಕಾರ ಈಗ ವ್ಯಸನಮುಕ್ತ ದಿನವೆಂದು ಆಚರಿಸುತ್ತದೆ.

ಇದರ ಗುಟ್ಟು ಏನು ಅಂತೀರಿ? ನನಗೆ ಕಂಡದ್ದು ಹೇಳುತ್ತೇನೆ. ವೇದಿಕೆ ಮೇಲೆ ನಿಂತವರು ಜನರನ್ನು ತಮ್ಮ ಕಡೆ ಕರೆಯುತ್ತಾರೆ. ಇವರು ತಾವೇ ಬಾಗಿಲಿಗೆ ಹೋದರು. ಬೈಯಲಿಲ್ಲ, ಬೇಡಿದರು. ಕುಡುಕ ಅಂದರೆ ಹೆಂಡತಿಯಿಂದ ಬೈಸಿಕೊಂಡವ, ಮಕ್ಕಳಿಂದ ದೂರಾದವ, ಓಣಿಯವರಿಂದ ಉಗಿಸಿಕೊಂಡವ. ಅಂಥವನ ಮುಂದೆ ದೊಡ್ಡ ಮಠದ ಸ್ವಾಮಿ ಬಂದು ಜೋಳಿಗೆ ಒಡ್ಡಿದರೆ? ಆ ಒಂದು ಗಳಿಗೆಯಲ್ಲಿ ಅವನು ದಾನ ಕೊಡುವ ಮನುಷ್ಯನಾಗುತ್ತಾನೆ! ಮನೆ ಮಂದಿ ನೋಡುತ್ತಿರುವಾಗ ಕೊಟ್ಟ ಮಾತು. ನಾಳೆ ಬಾಟಲಿ ಹಿಡಿದರೆ ದಾನ ಕೊಟ್ಟದ್ದನ್ನು ವಾಪಸ್ ಇಸಕೊಂಡಂತೆ. ಯಾವ ಗಂಡಸು ಅದಕ್ಕೆ ಒಪ್ಪುತ್ತಾನೆ?

ಅದಕ್ಕೇ ನನ್ನ ಸಲಹೆ. ಬ್ಯಾನರ್ ಹೊಡೆಸಿದ್ದೀರಿ, ಇರಲಿ. ಘೋಷಣೆ ಮಾತ್ರ ಬೇಡ. ಜೋಳಿಗೆ ಹಿಡಿಯಿರಿ. ಮೊದಲು ಯಾರ ಮುಂದೆ? ನಿಮ್ಮ ಬಳಗದವರ ಮುಂದೆಯೇ. ಹೌದಪ್ಪಾ, ನಗಬೇಡ. 2019ರ ಕೇಂದ್ರ ಸರ್ಕಾರದ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಕುಡಿಯುವವರು ಸುಮಾರು 16 ಕೋಟಿ, ಗಾಂಜಾ ಭಂಗಿ ಬಳಸುವವರು ಸುಮಾರು 3 ಕೋಟಿ. ಡ್ರಗ್ಸ್ ಅಂದರೆ ಬೆಂಗಳೂರಿನ ಪಾರ್ಟಿ ಎಂದು ತಿಳಿಯಬೇಡಿ. ಘೋಷಣೆ ಕೂಗುವವನ ಕಿಸೆಯಲ್ಲಿ ತಂಬಾಕಿನ ಚೀಟಿ, ಹುಟ್ಟುಹಬ್ಬದ ರಾತ್ರಿ ಕ್ವಾರ್ಟರ್ ಬಾಟಲಿ! ಅವನ ಮಾತು ಗುಳಿಗಿ ನುಂಗುವವನಿಗೆ ತಾಗುವುದು ಹೇಗೆ? ಮೊದಲು ನಿಮ್ಮದನ್ನು ಹಾಕಿ. ಆಮೇಲೆ ಆ ಗೆಳೆಯನ ಮುಂದೆ ಒಡ್ಡಿ. ಹತ್ತು ಜನರ ಎದುರು ಅಲ್ಲ, ಒಬ್ಬಿಬ್ಬರೇ ಹೋಗಿ. ಅವನು ನಶೆಯಲ್ಲಿಲ್ಲದ ಹೊತ್ತು ನೋಡಿ ಹೋಗಿ. ಬುದ್ಧಿ ಹೇಳಬೇಡಿ. "ಯಾವಾಗಿಂದ ಹಿಂಗಾತೋ ದೋಸ್ತ, ಏನ್ ಕಷ್ಟ ನಿಂದು?" ಎಂದು ಕೇಳಿ ಸುಮ್ಮನೆ ಕೂಡ್ರಿ.

ಒಂದು ಎಚ್ಚರಿಕೆ! ಗಾಂಜಾ ಪೊಟ್ಟಣವನ್ನು ಜೋಳಿಗೆಗೆ ಹಾಕಿಸಿಕೊಂಡು ಠಾಣೆ ಮುಂದೆ ಮೆರವಣಿಗೆ ಹೋದೀರಿ, ಜೋಕೆ. 1985ರ ಮಾದಕವಸ್ತು ಕಾಯಿದೆಯಲ್ಲಿ ಇಟ್ಟುಕೊಳ್ಳುವುದೂ ಅಪರಾಧ. ಗಾಂಜಾ 1 ಕೆಜಿ ತನಕ ಸಿಕ್ಕರೆ 1 ವರ್ಷದವರೆಗೆ ಜೈಲು, ಇಲ್ಲವೇ 10,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. 20 ಕೆಜಿ ಮೇಲ್ಪಟ್ಟರೆ 10ರಿಂದ 20 ವರ್ಷ. "ಇದೊಂದು ಪೊಟ್ಟಣ ಸಂಜೀತನಕ ಇಟ್ಕೊಂಡಿರೋ" ಎಂದ ಗೆಳೆಯನ ಮಾತು ಕೇಳಿದವನಿಗೂ ಅದೇ ಕಾಯಿದೆ. ನಿಮ್ಮ ಜೋಳಿಗೆಗೆ ಮಾತು ಬಿದ್ದರೆ ಸಾಕು.

ಇನ್ನು, ಮಾತು ಕೊಟ್ಟ ತಕ್ಷಣ ಎಲ್ಲ ಸರಿಹೋಗುವುದು ಸಿನಿಮಾದ ಕೊನೇ ರೀಲಿನಲ್ಲಿ ಮಾತ್ರ. ವರ್ಷಗಟ್ಟಲೆ ವಿಪರೀತ ಕುಡಿದವನು, ನಿದ್ದೆ ಗುಳಿಗೆಗೆ ಅಂಟಿದವನು ಒಮ್ಮೆಲೇ ನಿಲ್ಲಿಸಿದರೆ ಕೈಕಾಲು ನಡುಗಿ, ಫಿಟ್ಸ್ ಬಂದು ಜೀವಕ್ಕೇ ಅಪಾಯವಾಗಬಹುದು. ಇದು ಮನೋಬಲ ಕಡಿಮೆ ಅಂತಲ್ಲ, ಮೈಯೇ ಅದಕ್ಕೆ ಒಗ್ಗಿಹೋಗಿರುತ್ತದೆ. ಡಾಕ್ಟರು ಬೇಕೇ ಬೇಕು. ಅದೇ 2019ರ ಸಮೀಕ್ಷೆ ಹೇಳುವಂತೆ, ಕುಡಿತಕ್ಕೆ ದಾಸರಾದ 38 ಜನರಲ್ಲಿ ಒಬ್ಬನಿಗೆ ಮಾತ್ರ ಯಾವುದಾದರೂ ಚಿಕಿತ್ಸೆ ಸಿಕ್ಕಿದೆ. ಉಳಿದ 37 ಜನರಲ್ಲಿ ಎಷ್ಟೋ ಮಂದಿಯನ್ನು ತಡೆಯುವುದು ನಾಚಿಕೆ, ಪೊಲೀಸರ ಅಂಜಿಕೆ. ಆದರೆ ಕೇಳಿ, ಅದೇ ಕಾಯಿದೆಯ 64ಎ ಕಲಮಿನಲ್ಲಿ ಒಂದು ಬಾಗಿಲು ತೆರೆದಿಟ್ಟಿದ್ದಾರೆ. ಸೇವನೆ ಅಥವಾ ಅಲ್ಪ ಪ್ರಮಾಣದ ಕೇಸಿನಲ್ಲಿ ಸಿಕ್ಕ ವ್ಯಸನಿ ತಾನಾಗಿಯೇ ಮುಂದೆ ಬಂದು, ಸರ್ಕಾರಿ ಅಥವಾ ಮಾನ್ಯತೆ ಪಡೆದ ಕಡೆ ಚಿಕಿತ್ಸೆ ಪೂರ್ತಿ ಮಾಡಿದರೆ ಮೊಕದ್ದಮೆಯಿಂದ ವಿನಾಯಿತಿ ಸಿಗುತ್ತದೆ. ನಿಮ್ಮ ಗೆಳೆಯನಿಗೆ ಇದನ್ನು ಹೇಳಿ.

ನವನಗರದ ಜಿಲ್ಲಾಸ್ಪತ್ರೆಗೆ ಅವನ ಜೊತೆ ಹೋಗಿ, ಮನೋವೈದ್ಯರನ್ನು ಕೇಳಿ. ಮುಂದೆ ಬೇಕಾದರೆ ಧಾರವಾಡದ ಡಿಮ್ಹಾನ್ಸ್ ಇದೆ. ಹೋಗಲು ನಾಚಿಕೆ ಎಂದರೆ ಮೊದಲು ಫೋನು ಮಾಡಲಿ. ಚಟ ಬಿಡಿಸುವ ಸಹಾಯವಾಣಿ 14446, ಮನಸ್ಸಿನ ತೊಂದರೆಗೆ ಟೆಲಿ ಮಾನಸ್ 14416. ಪೈಸೆ ಖರ್ಚಿಲ್ಲ, ಟೆಲಿ ಮಾನಸ್‌ನಲ್ಲಿ ಕನ್ನಡದಲ್ಲೇ ಮಾತಾಡಬಹುದು. ಒಮ್ಮೆ ಬಿಟ್ಟವನು ಮತ್ತೆ ಜಾರಬಹುದು. ಜಾರಿದರೆ ಬಳಗದಿಂದ ಹೊರಗೆ ಹಾಕಬೇಡಿ. ಮತ್ತೆ ಜೋಳಿಗೆ ಒಡ್ಡಿ. ಬೇಡುವವರಿಗೆ ಎಂಥ ನಾಚಿಕೆ?

ಇಂಥ ಬಳಗ ಬರೀ ನವನಗರದಲ್ಲಿ ಇಲ್ಲ. ಬಾದಾಮಿಯಲ್ಲಿ, ಹುನಗುಂದದಲ್ಲಿ, ಗದಗಿನಲ್ಲಿ, ನೀವು ಈಗ ಬಸ್ಸು ಕಾಯುತ್ತಿರುವ ಊರಿನಲ್ಲೂ ಇದ್ದೀರಿ. ಕಟೌಟಿಗೆ ಹಾಲು ಎರೆಯಲು ನಲವತ್ತು ಅಡಿ ಏರುವ ಧೈರ್ಯ ನಿಮಗಿದೆ. ಒಬ್ಬ ದೋಸ್ತನ ಮನೆಯ ಎರಡು ಮೆಟ್ಟಿಲು ಏರುವುದು ಅದಕ್ಕಿಂತ ಕಷ್ಟವೇ? ಯಾರು ಏರಿದಿರಿ, ಏನು ಸಿಕ್ಕಿತು, ಬರೆದು ತಿಳಿಸಿ. ಹೆಸರು ಬೇಡ ಎಂದರೆ ಹಾಕುವುದಿಲ್ಲ.

ಮುಂದಿನ ವಾರ ಸಿಗೋಣ. ಪಿಕ್ಚರಿನ ಮಾತು ಆಗ.