ಮನೆಯ ಕುಡಿಯುವ ನೀರಿನ ಯಂತ್ರ: ಕೆಲಸ ಯಾರಿಗೆ ಒಪ್ಪಿಸಬೇಕು?

ಗೊಬ್ಬರ ಕೊಳ್ಳುವ ಮುನ್ನ ಮಣ್ಣು ಪರೀಕ್ಷೆ ಮಾಡಿಸಿರೆಂದು ಕೃಷಿ ವಿಜ್ಞಾನಿಗಳಾದ ನಾವು ಬಹುಕಾಲದಿಂದ ಹೇಳುತ್ತಾ ಬಂದಿದ್ದೇವೆ. ರೈತ ಬಾಂಧವರಲ್ಲಿ ಅನೇಕರು ಇದನ್ನು ಒಪ್ಪಿ ನಡೆದಿದ್ದಾರೆ. ಆದರೆ ಮನೆಗೆ ನೀರು ಶುದ್ಧೀಕರಿಸುವ ಯಂತ್ರ ಕೊಳ್ಳುವಾಗ ಇದೇ ರೈತರು ನೀರನ್ನು ಪರೀಕ್ಷಿಸದೆ ಹಣ ಎಣಿಸಿ ಕೊಡುತ್ತಿರುವುದು ವಿಷಾದದ ಸಂಗತಿ.

ಇತ್ತೀಚೆಗೆ ಮಂಚೇನಹಳ್ಳಿ ಸಮೀಪದ ಒಂದು ಹಳ್ಳಿಗೆ ಹಿಪ್ಪುನೇರಳೆ ತೋಟ ನೋಡಲು ಹೋಗಿದ್ದೆ. ರೈತರ ಅಡಿಗೆಮನೆಯಲ್ಲಿ ಅಂಥದೊಂದು ಯಂತ್ರ ಕೆಟ್ಟು ನಿಂತಿತ್ತು. ಪರಊರಿನಿಂದ ಬಂದ ಮಾರಾಟಗಾರನೊಬ್ಬ ಎರಡು ಲೋಟಗಳಲ್ಲಿ ನೀರು ಹಿಡಿದು, ವಿದ್ಯುತ್ ಹರಿಯುವ ಕಡ್ಡಿಗಳನ್ನು ಅದ್ದಿ ತೋರಿಸಿದನಂತೆ. ಕೊಳವೆ ಬಾವಿಯ ನೀರು ಕಂದು ಬಣ್ಣಕ್ಕೆ ತಿರುಗಿ ಗಸಿ ಕಟ್ಟಿತು. ಯಂತ್ರದ ನೀರು ತಿಳಿಯಾಗಿಯೇ ಉಳಿಯಿತು. "ಕೊಳೆ ಕಣ್ಣಾರೆ ಕಂಡ ಮೇಲೆ ಕೊಳ್ಳದೆ ಹೇಗಿರೋದು ಸಾರ್?" ಎಂದರು ರೈತರು. ವರ್ಷ ತುಂಬುವುದರೊಳಗೆ ಯಂತ್ರದಿಂದ ನೀರು ಬರುವುದು ನಿಂತಿತು. ಚೀಟಿಯಲ್ಲಿದ್ದ ದೂರವಾಣಿ ಸಂಖ್ಯೆಗೆ ಉತ್ತರವಿಲ್ಲ. ಆ ಮನೆಯ ಹುಡುಗನ ಹಲ್ಲುಗಳ ಮೇಲೆ ಕಂದು ಗೆರೆಗಳಿದ್ದವು.

ಲೋಟದಲ್ಲಿ ಕಂಡದ್ದು ನೀರಿನ ಕೊಳೆಯಲ್ಲ. ಲವಣವಿರುವ ನೀರಿನಲ್ಲಿ ವಿದ್ಯುತ್ ಹರಿದಾಗ ಕಬ್ಬಿಣದ ಕಡ್ಡಿಯೇ ಕರಗಿ ತುಕ್ಕಾಗಿ ಗಸಿ ಕಟ್ಟುತ್ತದೆ. ಯಂತ್ರದ ಶುದ್ಧ ನೀರಿಗೆ ಒಂದು ಚಿಟಿಕೆ ಉಪ್ಪು ಹಾಕಿ ಅದೇ ಕಡ್ಡಿ ಅದ್ದಿದರೆ ಅದೂ ಕಂದಾಗುತ್ತದೆ. ಮಾರಾಟಗಾರರು ಜೇಬಿನಿಂದ ತೆಗೆದು ತೋರಿಸುವ ಟಿ.ಡಿ.ಎಸ್. ಮಾಪಕವೂ ಕರಗಿದ ಲವಣಗಳ ಒಟ್ಟು ಅಂದಾಜನ್ನು ಮಾತ್ರ ಹೇಳುತ್ತದೆ. ಫ್ಲೋರೈಡ್ ಎಷ್ಟಿದೆಯೆಂದು ಹೇಳಲಾರದು.

ನಮ್ಮ ಭಾಗದಲ್ಲಿ ತಿಳಿಯಬೇಕಾದುದು ಫ್ಲೋರೈಡ್ ಪ್ರಮಾಣವನ್ನೇ. ಗೌರಿಬಿದನೂರು, ಮಂಚೇನಹಳ್ಳಿ, ಚಿಂತಾಮಣಿ ಸೀಮೆಯ ನೆಲದಡಿಯಲ್ಲಿರುವುದು ಗ್ರಾನೈಟ್ ಮತ್ತು ನೈಸ್ ಶಿಲೆ. ಶಿಲೆಯ ಖನಿಜಗಳಿಂದ ಫ್ಲೋರೈಡ್ ನೀರಿಗೆ ಕರಗುತ್ತದೆ. ನೀರಿನಲ್ಲಿ ಕ್ಷಾರ ಹೆಚ್ಚಾಗಿ ಸುಣ್ಣದಂಶ ಕಡಮೆಯಿದ್ದಲ್ಲಿ ಇನ್ನೂ ಹೆಚ್ಚು ಕರಗುತ್ತದೆ. ಭಾರತೀಯ ಮಾನಕ ಐ.ಎಸ್. 10500ರ ಪ್ರಕಾರ ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1 ಮಿ.ಗ್ರಾಂ. ಮೀರಬಾರದು, ಬೇರೆ ಮೂಲವೇ ಇಲ್ಲದಿದ್ದರೆ 1.5 ಮಿ.ಗ್ರಾಂ.ವರೆಗೆ ಸಹಿಸಬಹುದು. ಇದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯಿಲ್ಲ. ನೀರನ್ನು ಕಾಯಿಸಿದರೆ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಉಳಿದ ನೀರಿನಲ್ಲಿ ಅದರ ಸಾಂದ್ರತೆ ಹೆಚ್ಚುತ್ತದೆ. ಎಳೆಯ ವಯಸ್ಸಿನಲ್ಲಿ ಹಲ್ಲು ರೂಪುಗೊಳ್ಳುವಾಗ ಆದ ಕೆಡುಕು ಮುಂದೆ ಸರಿಹೋಗದು. ಬಹುವರ್ಷ ಇಂಥ ನೀರು ಕುಡಿದರೆ ಮೂಳೆ, ಕೀಲುಗಳೂ ಬಿಗಿಯುತ್ತವೆ.

ಆದುದರಿಂದ ಮೊದಲ ಖರ್ಚು ಪರೀಕ್ಷೆಗೆ ಆಗಬೇಕು. ಪಂಪನ್ನು ಹತ್ತು ನಿಮಿಷ ಓಡಿಸಿ, ಶುಭ್ರವಾದ ಪ್ಲಾಸ್ಟಿಕ್ ಬಾಟಲಿಯನ್ನು ಅದೇ ನೀರಿನಿಂದ ಮೂರು ಸಲ ತೊಳೆದು, ಒಂದು ಲೀಟರ್ ನೀರು ಹಿಡಿದು ಗ್ರಾಮೀಣ ಕುಡಿಯುವ ನೀರು ಮತ್ತು ನೈರ್ಮಲ್ಯ ಇಲಾಖೆಯ ಪ್ರಯೋಗಾಲಯಕ್ಕೆ ಕೊಡಿ. ನೀರಾವರಿಗಾಗಿ ಮಾಡಿಸಿದ ಪರೀಕ್ಷೆಯನ್ನು ಇದಕ್ಕೆ ನೆಚ್ಚಬೇಡಿ. ಅದು ಲವಣಾಂಶ, ಸೋಡಿಯಂ ಮುಂತಾದುವನ್ನು ನೋಡುತ್ತದೆ. ಬೆಳೆಗೆ ಒಗ್ಗಿದ ನೀರು ಮಗುವಿಗೆ ಒಗ್ಗಬೇಕೆಂದಿಲ್ಲ.

ವರದಿ ಕೈಗೆ ಬಂದ ಮೇಲೆ ಯಂತ್ರದ ಮಾತು. ನೇರಳಾತೀತ ದೀಪದ ಯಂತ್ರ ರೋಗಾಣುಗಳನ್ನು ಕೊಲ್ಲುತ್ತದೆ, ಫ್ಲೋರೈಡನ್ನು ಮುಟ್ಟುವುದಿಲ್ಲ. ಆರ್.ಓ. ಯಂತ್ರ ಅದರ ಬಹುಭಾಗವನ್ನು ತೆಗೆಯುತ್ತದೆ. ಆದರೆ ಅನೇಕ ಆರ್.ಓ. ಯಂತ್ರಗಳಲ್ಲಿ ರುಚಿಗಾಗಿ ಸ್ವಲ್ಪ ಕಚ್ಚಾ ನೀರನ್ನು ಮತ್ತೆ ಬೆರೆಸುವ ತಿರುಪು ಇರುತ್ತದೆ. ಲೀಟರಿಗೆ 4 ಮಿ.ಗ್ರಾಂ. ಫ್ಲೋರೈಡ್ ಇರುವ ಬಾವಿ ನೀರು ಒಂದು ಪಾಲು, 0.3 ಮಿ.ಗ್ರಾಂ. ಇರುವ ಶುದ್ಧ ನೀರು ಎರಡು ಪಾಲು ಬೆರೆತರೆ ಮಿಶ್ರಣದಲ್ಲಿ 1.5 ಮಿ.ಗ್ರಾಂ. ದಾಟುತ್ತದೆ. ತಿರುಪನ್ನು ಎಲ್ಲಿ ನಿಲ್ಲಿಸಬೇಕೆಂಬುದು ಯಂತ್ರ ಕೂಡಿಸುವವನ ಕೈಯಲ್ಲಿದೆ. ಅವನ ತಿಳಿವಳಿಕೆಯೇ ಇಲ್ಲಿ ಯಂತ್ರಕ್ಕಿಂತ ಮುಖ್ಯ.

ಮನೆಯ ವಿದ್ಯುತ್ ಕೆಲಸಕ್ಕೆ ಪರವಾನಗಿ ಪಡೆದ ಗುತ್ತಿಗೆದಾರರಿದ್ದಾರೆ. ಕೊಳವೆ ಬಾವಿ ಕೊರೆಯುವ ಯಂತ್ರದವರು ನೋಂದಾಯಿಸಿಕೊಳ್ಳಬೇಕೆಂದು ಕರ್ನಾಟಕದ 2011ರ ಅಂತರ್ಜಲ ಕಾಯ್ದೆ ಹೇಳುತ್ತದೆ. ಆದರೆ ಆ ನೀರನ್ನು ಕುಡಿಯಲು ಯೋಗ್ಯ ಮಾಡುತ್ತೇನೆಂದು ಹಳ್ಳಿಗೆ ಬರುವವನನ್ನು ಹೀಗೆ ಕೇಳುವ ವ್ಯವಸ್ಥೆಯಿಲ್ಲ. ಇದು ಸರಿಯಲ್ಲವೆಂಬುದು ನನ್ನ ಅಭಿಪ್ರಾಯ. ಐ.ಟಿ.ಐ. ಮುಗಿಸಿದ ಸ್ಥಳೀಯ ಯುವಕರಿಗೆ ನೀರು ಪರೀಕ್ಷೆ ಮತ್ತು ಯಂತ್ರ ದುರಸ್ತಿಯಲ್ಲಿ ತರಬೇತಿ ಕೊಟ್ಟು, ಪರೀಕ್ಷೆ ನಡೆಸಿ, ಪರವಾನಗಿ ನೀಡುವ ಏರ್ಪಾಡು ತಾಲ್ಲೂಕು ಮಟ್ಟದಲ್ಲಿ ಆಗಬೇಕು.

ಅಲ್ಲಿಯವರೆಗೆ ಬರಹದ ಒಪ್ಪಂದವೇ ನಮಗೆ ಪರವಾನಗಿ. ಅದರಲ್ಲಿ ಈ ನಾಲ್ಕು ಅಂಶಗಳಿರಲಿ:

1. ಯಂತ್ರ ಕೂಡಿಸುವ ಮುನ್ನ ಮತ್ತು ಕೂಡಿಸಿದ ಮೇಲೆ ಪ್ರಯೋಗಾಲಯದ ಫ್ಲೋರೈಡ್ ವರದಿ. ಎರಡನೆಯ ವರದಿ ಬಂದ ಮೇಲೆಯೇ ಕೊನೆಯ ಕಂತಿನ ಹಣ.
2. ಆರ್.ಓ. ಯಂತ್ರವಾದರೆ ಐ.ಎಸ್. 16240 ಮಾನಕದ ಐ.ಎಸ್.ಐ. ಗುರುತು, ರಸೀತಿ ಮತ್ತು ಖಾತರಿ ಪತ್ರ.
3. ಫಿಲ್ಟರ್ ಮತ್ತು ಮೆಂಬ್ರೇನ್ ಬದಲಿಸುವ ಅವಧಿ, ಪ್ರತಿಯೊಂದರ ಬೆಲೆ.
4. ದುರಸ್ತಿಗೆ ಎಷ್ಟು ದಿನದೊಳಗೆ ಬರುತ್ತಾರೆಂಬ ಮಾತು, ಅಂಗಡಿಯ ವಿಳಾಸ.

ಮಂಚೇನಹಳ್ಳಿಯಲ್ಲೋ ಗೌರಿಬಿದನೂರಿನಲ್ಲೋ ಅಂಗಡಿಯಿರುವವನು ಒಂದೆರಡು ಸಾವಿರ ಹೆಚ್ಚು ಕೇಳಬಹುದು. ಆದರೂ ಅವನಿಗೇ ಕೆಲಸ ಒಪ್ಪಿಸುವುದು ಲೇಸು. ಊರಿಗೆ ಬಂದವಳು ನೀರಿಗೆ ಬಾರದಿರುವಳೇ ಎಂಬ ಗಾದೆಯಂತೆ ಅವನು ಒಂದಲ್ಲ ಒಂದು ದಿನ ಸಂತೆಯಲ್ಲಿ ನಮ್ಮ ಕಣ್ಣಿಗೆ ಬೀಳಲೇಬೇಕು. ಸ್ಥಳೀಯನೆಂಬ ಒಂದೇ ಕಾರಣಕ್ಕೆ ನಂಬಬೇಕಿಲ್ಲ. ಅವನು ಈಗಾಗಲೇ ಯಂತ್ರ ಕೂಡಿಸಿ ಎರಡು ವರ್ಷವಾದ ಮನೆಗೆ ಹೋಗಿ ವಿಚಾರಿಸಿ.

ಎಲ್ಲ ಮನೆಗೂ ಯಂತ್ರ ಬೇಕೆಂದೇನೂ ಇಲ್ಲ. ಊರಿನ ಶುದ್ಧ ಕುಡಿಯುವ ನೀರಿನ ಘಟಕ ಸರಿಯಾಗಿ ನಡೆಯುತ್ತಿದ್ದು ಅದರ ನೀರಿನ ವರದಿಯೂ ಚೆನ್ನಾಗಿದ್ದರೆ ಆ ಕ್ಯಾನು ಸಾಕು. ಶುಭ್ರವಾದ ಚಾವಣಿಯಿಂದ ಶೋಧಿಸಿ ಹಿಡಿದಿಟ್ಟ ಮಳೆನೀರಿನಲ್ಲಿ ಫ್ಲೋರೈಡ್ ಇಲ್ಲವೆನ್ನುವಷ್ಟು ಕಡಮೆ. ಅದನ್ನು ಕಾಯಿಸಿ ಕುಡಿಯಬಹುದು.

ಯಾವ ದಾರಿ ಹಿಡಿದರೂ ಒಂದು ಮಾತನ್ನು ಗೃಹಿಣಿಯರು ನೆನಪಿಡಬೇಕು. ಕುಡಿಯಲು ಶುದ್ಧ ನೀರು ಇಟ್ಟುಕೊಂಡು, ಮುದ್ದೆಯ ಎಸರಿಗೂ ಸಾರಿಗೂ ಕೊಳವೆ ಬಾವಿಯ ನೀರನ್ನೇ ಹಾಕುವ ಮನೆಗಳು ಬಹಳ. ಆ ನೀರಿನ ಫ್ಲೋರೈಡ್ ಊಟದ ಮೂಲಕ ಒಳಗೆ ಸೇರುತ್ತದೆ. ಅಡಿಗೆಗೂ ಶುದ್ಧ ನೀರೇ ಆಗಬೇಕು. ಆರ್.ಓ. ಯಂತ್ರ ಹೊರಬಿಡುವ ಲವಣದ ನೀರನ್ನು ನೆಲ ತೊಳೆಯಲು ಬಳಸಿ. ದನಕರುಗಳಿಗೆ, ಸಸಿಮಡಿಗೆ ಬೇಡ.

ಬೀಜ ಕೊಳ್ಳುವಾಗ ಚೀಟಿ ಓದುವ, ಎತ್ತು ಕೊಳ್ಳುವಾಗ ಹಲ್ಲು ನೋಡುವ ರೈತರು ನಾವು. ನೀರಿನ ಯಂತ್ರ ಕೊಳ್ಳುವಾಗಲೂ ಅದೇ ಜಾಣ್ಮೆ ತೋರಿದರೆ ನಮ್ಮ ಮಕ್ಕಳ ಹಲ್ಲು ಉಳಿಯುತ್ತದೆ.