ಸರ್ಕಾರ, ವ್ಯಾಪಾರ, ದೇಶಭಕ್ತಿ: ರಾಜಾಜಿಯವರ ವಿಚಾರವೂ ಬೆಳೆಗಾರರ ಹೊಣೆಯೂ



ದರ ಏರಿದಾಗ ಸರ್ಕಾರ ನಮ್ಮ ವ್ಯಾಪಾರದಲ್ಲಿ ಕೈಹಾಕಬಾರದೆನ್ನುತ್ತೇವೆ. ಇಳಿದಾಗ ಸರ್ಕಾರ ಕೈಕಟ್ಟಿ ಕುಳಿತಿದೆಯೆಂದು ದೂರುತ್ತೇವೆ. ಎರಡನ್ನೂ ದೇಶದ ಹಿತದ ಹೆಸರಿನಲ್ಲಿಯೇ ಹೇಳುತ್ತೇವೆ. ಸರ್ಕಾರದಿಂದ ನಾವು ಏನನ್ನು ಕೇಳಬೇಕು, ಏನನ್ನು ಕೇಳಬಾರದು ಎಂಬುದನ್ನು ತಿಳಿಯಲು ಚಕ್ರವರ್ತಿ ರಾಜಗೋಪಾಲಾಚಾರಿಯವರ ವಿಚಾರಗಳು ಇಂದಿಗೂ ಉಪಯುಕ್ತವೆಂದು ನನ್ನ ಅಭಿಪ್ರಾಯ.

ರಾಜಾಜಿಯವರು ನಮಗೆ ದೂರದವರಲ್ಲ. 1878ರಲ್ಲಿ ಹೊಸೂರಿನ ಬಳಿಯ ತೊರಪಳ್ಳಿಯಲ್ಲಿ ಹುಟ್ಟಿ, ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದಿದವರು. 1930ರಲ್ಲಿ ವೇದಾರಣ್ಯದ ಉಪ್ಪಿನ ಸತ್ಯಾಗ್ರಹವನ್ನು ನಡೆಸಿ ಸೆರೆಮನೆ ಕಂಡರು. 1948ರಲ್ಲಿ ಗವರ್ನರ್ ಜನರಲ್ ಆದರು. 1952ರಲ್ಲಿ ಮದರಾಸಿನ ಮುಖ್ಯಮಂತ್ರಿಯಾಗಿ ಆಹಾರಧಾನ್ಯದ ಮೇಲಿನ ನಿಯಂತ್ರಣವನ್ನು ತೆಗೆದರು. 1959ರಲ್ಲಿ ನಾಗಪುರದ ಕಾಂಗ್ರೆಸ್ ಅಧಿವೇಶನವು ಜಂಟಿ ಸಹಕಾರಿ ಬೇಸಾಯದ ನಿರ್ಣಯ ಮಾಡಿದಾಗ ಅದನ್ನು ವಿರೋಧಿಸಿ, ಎಂಬತ್ತರ ವಯಸ್ಸಿನಲ್ಲಿ ಸ್ವತಂತ್ರ ಪಕ್ಷವನ್ನು ಕಟ್ಟಿದರು. ಲೈಸೆನ್ಸ್-ಪರ್ಮಿಟ್ ರಾಜ್ಯವೆಂಬ ಮಾತನ್ನು ಬಳಕೆಗೆ ತಂದವರು ಅವರೇ. ಹಳೆಯ ಒಡನಾಡಿಯಾದ ನೆಹರೂ ಅವರ ನೀತಿಯನ್ನೇ ಎದುರಿಸಿದರೆಂದು ಅವರ ದೇಶಭಕ್ತಿಗೆ ಕುಂದು ಬರಲಿಲ್ಲ. ದೇಶ ಬೇರೆ, ಸರ್ಕಾರ ಬೇರೆ ಎಂಬುದೇ ಅವರ ಬಾಳಿನಿಂದ ನಾವು ಕಲಿಯಬೇಕಾದ ಮೊದಲ ಪಾಠ.

ಲೈಸೆನ್ಸ್ ರಾಜ್ಯವೆಂದರೇನೆಂದು ಕಾಫಿ ಬೆಳೆಗಾರನಿಗೆ ಬಿಡಿಸಿ ಹೇಳಬೇಕಾಗಿಲ್ಲ. 1942ರ ಕಾಯಿದೆಯ ಪ್ರಕಾರ ಬೆಳೆದ ಕಾಫಿಯನ್ನು ಮಂಡಳಿಯ ಪೂಲಿಗೆ ಒಪ್ಪಿಸಿ, ಹಣಕ್ಕಾಗಿ ಕಂತು ಕಂತಾಗಿ ಕಾಯಬೇಕಿತ್ತು. 1996ರ ಹೊತ್ತಿಗೆ ಆ ಕಟ್ಟು ಪೂರ್ತಿ ಕಳಚಿತು. ಆದರೆ ನ್ಯಾಯವಾಗಿ ಹೇಳುವುದಾದರೆ, ಸಣ್ಣ ಹಿಡುವಳಿದಾರನನ್ನೂ ದೊಡ್ಡ ಎಸ್ಟೇಟನ್ನೂ ಆ ಪೂಲು ಒಂದೇ ತಕ್ಕಡಿಯಲ್ಲಿ ತೂಗುತ್ತಿತ್ತು. ಮುಕ್ತ ಮಾರುಕಟ್ಟೆ ಬಂದ ಕೆಲವೇ ವರ್ಷಗಳಲ್ಲಿ, 2001ರ ಸುಮಾರಿಗೆ, ಜಗತ್ತಿನ ದರ ಕುಸಿದಾಗ ಮೊದಲು ಸೋತವನು ಸಣ್ಣ ಬೆಳೆಗಾರನೇ. ಸ್ವಾತಂತ್ರ್ಯ ಸಿಕ್ಕಿತು, ಅದನ್ನು ಉಳಿಸಿಕೊಳ್ಳುವ ಬಲ ಒಂಟಿ ರೈತನಲ್ಲಿರಲಿಲ್ಲ.

ಆ ಬಲ ಎಲ್ಲಿಂದ ಬರಬೇಕೆಂಬುದಕ್ಕೆ ಅಡಿಕೆಯವರು ದಾರಿ ತೋರಿಸಿದ್ದಾರೆ. ಎಪ್ಪತ್ತರ ದಶಕದ ಆರಂಭದಲ್ಲಿ ಅಡಿಕೆಯ ದರ ನೆಲಕಚ್ಚಿದಾಗ, ವಾರಣಾಸಿ ಸುಬ್ರಾಯ ಭಟ್ಟರ ಮುಂದಾಳುತನದಲ್ಲಿ 1973ರಲ್ಲಿ ಮಂಗಳೂರಿನಲ್ಲಿ ಕ್ಯಾಂಪ್ಕೊ ಹುಟ್ಟಿತು. ಕರ್ನಾಟಕ, ಕೇರಳಗಳ ಬೆಳೆಗಾರರು ಸ್ವಇಚ್ಛೆಯಿಂದ ಸೇರಿದರು. ತೋಟ ಅವರವರದೇ ಉಳಿಯಿತು. ಮಾರಾಟ ಮಾತ್ರ ಒಟ್ಟಾಯಿತು. ನಾಗಪುರದ ನಿರ್ಣಯಕ್ಕೂ ಇದಕ್ಕೂ ಇರುವ ಅಂತರ ಇದೇ.

ಹಾಗಾದರೆ ಸರ್ಕಾರಕ್ಕೆ ಕೆಲಸವಿಲ್ಲವೇ? ಇದೆ. ಗಡಿ ಕಾಯುವುದು ಅದರ ಕೆಲಸ. 2023ರ ಫೆಬ್ರವರಿಯಲ್ಲಿ ಅಡಿಕೆಯ ಕನಿಷ್ಠ ಆಮದು ದರವನ್ನು ಕಿಲೋಗೆ 351 ರೂಪಾಯಿಗೆ ಏರಿಸಿದ್ದು ಸರಿಯಾದ ಕ್ರಮ. ಕಳ್ಳಸಾಗಣೆಯನ್ನು ತಡೆಯಿರೆಂದು ಕೇಳುವ ಹಕ್ಕೂ ನಮಗಿದೆ.

ಆದರೆ ಹಾಗೆ ಕೇಳುವ ನಮ್ಮ ಕೈ ಶುದ್ಧವಾಗಿರಬೇಡವೇ? ಕಿಲೋಗೆ ನಾಲ್ಕು ರೂಪಾಯಿ ಹೆಚ್ಚು ಸಿಕ್ಕಿತೆಂದು ಬಿಲ್ಲಿಲ್ಲದೆ ಅಂಗಳದಲ್ಲೇ ಮಾಲು ತೂಗಿಕೊಡುವವನು ತೆರಿಗೆಯನ್ನೂ ತಪ್ಪಿಸುತ್ತಾನೆ, ತನ್ನ ಸಂಘವನ್ನೂ ಬರಿದು ಮಾಡುತ್ತಾನೆ. ಕಳ್ಳಮಾಲು ಬೆರೆಯುವುದೂ ಇಂಥ ಬಿಲ್ಲಿಲ್ಲದ ದಾರಿಯಲ್ಲಿಯೇ. ಸರ್ಕಾರದ ಅಂಕುಶ ಸಡಿಲವಾಗಬೇಕೆಂದರೆ ನಮ್ಮ ಅಂಕುಶ ನಮ್ಮ ಕೈಯಲ್ಲೇ ಇರಬೇಕು.

ಮುಂದಿನ ಸರ್ವಸದಸ್ಯರ ಸಭೆಗೆ ಬರುವಾಗ ಸರ್ಕಾರಕ್ಕೆ ಸಲ್ಲಿಸಬೇಕಾದ ಬೇಡಿಕೆಗಳ ಜೊತೆಗೆ, ಈ ವರ್ಷ ತಮ್ಮ ಮಾಲಿನಲ್ಲಿ ಎಷ್ಟು ಪಾಲು ಸಂಘಕ್ಕೆ ಬಂತೆಂಬ ಲೆಕ್ಕವನ್ನೂ ತರಬೇಕೆಂದು ವಿನಂತಿ.

— ಕಾರ್ಯದರ್ಶಿ, ಸೋಲದೇವನಹಳ್ಳಿ